ಬಾಟಲಿ ಹಾಕಿದರೆ ಆಯಿಲ್ ಹೆಚ್ಚು ದಿನ ಬರುತ್ತದೆಯೇ? ಟಿಪ್ಪರ್‌ಗಳಲ್ಲಿ ಹಾಕಿ ನೋಡಿದ ನನ್ನ ಅನುಭವ

"ಮೇಸ್ತ್ರಿ, ಈ ಬಾಟ್ಲಿ ಹಾಕಿದ್ರ ಆಯಿಲ್ ಡಬಲ್ ಕಿಲೋಮೀಟರ್ ಓಡ್ತದಂತಲ್ಲ, ಖರೇ ಏನ್ರೀ?"

ಹೊಸಪೇಟೆಯ ನನ್ನ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಸಂಡೂರು ಕಡೆಯಿಂದ ಅದಿರು ಹೊರುವ ಟಿಪ್ಪರ್‌ಗಳು. ಆಯಿಲ್ ಬದಲಿಸುವ ದಿನ ಅವುಗಳ ಮಾಲೀಕರಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಬಾಟಲಿ ಎಂದರೆ ಎಂಜಿನ್ ಆಯಿಲ್‌ಗೆ ಮೇಲಿಂದ ಬೆರೆಸಲೆಂದು ಮಾರುವ ಅಡಿಟಿವ್, ಅಂದರೆ ಸೇರ್ಪಡೆ ರಾಸಾಯನಿಕ. ಕೇಳುವುದರಲ್ಲಿ ತಪ್ಪೇನಿಲ್ಲ. ದೊಡ್ಡ ಎಂಜಿನ್ನಿಗೆ ಹದಿನೈದಿಪ್ಪತ್ತು ಲೀಟರ್ ಆಯಿಲ್ ಬೇಕು, ಫಿಲ್ಟರ್‌ಗಳ ಖರ್ಚು ಬೇರೆ, ಅದರ ಮೇಲೆ ಗಾಡಿ ನಿಂತ ದಿನದ ಬಾಡಿಗೆಯೂ ಹೋಗುತ್ತದೆ. ಕಂತು ಕಟ್ಟುವ ಮನುಷ್ಯನಿಗೆ ಇದು ಸಣ್ಣ ವಿಷಯವಲ್ಲ. ಬರೀ ಬಾಯಿಮಾತಿನಲ್ಲಿ "ಬೇಡ" ಎಂದರೆ ಅವರಿಗೂ ಸಮಾಧಾನವಾಗುವುದಿಲ್ಲ, ನನಗೂ ಆಗುವುದಿಲ್ಲ. ಅದಕ್ಕೇ ನಾನೇ ಹಾಕಿ, ಲ್ಯಾಬಿಗೆ ಕಳಿಸಿ ನೋಡಿದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇಲ್ಲ, ಬಾಟಲಿಯಿಂದ ಆಯಿಲ್‌ನ ಆಯಸ್ಸು ಹೆಚ್ಚಲಿಲ್ಲ. ಬೇರೆ ದಾರಿಯಲ್ಲಿ ಹೆಚ್ಚಿತು. ಆ ದಾರಿಯನ್ನೇ ಇಲ್ಲಿ ವಿವರವಾಗಿ ಬರೆಯಬೇಕಿದೆ.

ಡಬ್ಬದಿಂದ ಸುರಿಯುವ ಆಯಿಲ್ ಬರೀ ಎಣ್ಣೆಯಲ್ಲ. ಅದರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತೈದು ಪಾಲಿನಷ್ಟು ಅಡಿಟಿವ್‌ಗಳನ್ನು ಕಂಪನಿಯೇ ಬೆರೆಸಿರುತ್ತದೆ. ಎಂಜಿನ್ ತೊಳೆಯುವ ಡಿಟರ್ಜೆಂಟ್, ಮಸಿ ಗಂಟು ಕಟ್ಟದಂತೆ ತೇಲಿಸಿಡುವ ಡಿಸ್ಪರ್ಸೆಂಟ್, ವಾಲ್ವ್‌ಗಳನ್ನು ಎತ್ತುವ ಕ್ಯಾಮ್ ಮತ್ತು ಟ್ಯಾಪೆಟ್ ಸವೆಯದಂತೆ ಕಾಯುವ ಸತು-ರಂಜಕದ ಸಂಯುಕ್ತ, ಬಿಸಿಯಲ್ಲಿ ತೀರ ತೆಳುವಾಗದಂತೆ ನೋಡಿಕೊಳ್ಳುವ ಪಾಲಿಮರ್, ನೊರೆ ತಡೆಯುವ ಒಂದಿಷ್ಟು ಸಿಲಿಕೋನ್. ಸತು-ರಂಜಕದ ಸಂಯುಕ್ತವನ್ನು ಝಡ್‌ಡಿಡಿಪಿ ಎನ್ನುತ್ತಾರೆ, 1940ರ ದಶಕದಿಂದ ಬಳಕೆಯಲ್ಲಿದೆ. ಇವೆಲ್ಲ ಲೋಹದ ಮೇಲ್ಮೈಯಲ್ಲಿ ಜಾಗಕ್ಕಾಗಿ ಒಂದರ ಜೊತೆ ಒಂದು ಪೈಪೋಟಿ ನಡೆಸುತ್ತವೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದರ ಕೆಲಸ ಕೆಡಬಹುದು. ಈ ಅಳತೆ ಸರಿಹೊಂದಿಸಲು ಕಂಪನಿಗಳು ಎಂಜಿನ್‌ಗಳನ್ನು ಟೆಸ್ಟ್ ಬೆಡ್ ಮೇಲೆ ನೂರಾರು ಗಂಟೆ ಓಡಿಸುತ್ತವೆ. ಡಬ್ಬದ ಮೇಲೆ ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಸಿಐ-4 ಅಥವಾ ಸಿಕೆ-4 ಎಂಬ ದರ್ಜೆಯ ಗುರುತು ಆ ಪರೀಕ್ಷೆ ಪಾಸಾದ ಮಿಶ್ರಣಕ್ಕೆ ಮಾತ್ರ ಸೇರಿದ್ದು. ನಾವು ಮೇಲಿಂದ ಸುರಿದ ಬಾಟಲಿಯನ್ನು ಸೇರಿಸಿ ಯಾರೂ ಆ ಪರೀಕ್ಷೆ ಮಾಡಿರುವುದಿಲ್ಲ.

ಇನ್ನು ಆಯಿಲ್ ಕೆಡುವುದು ಹೇಗೆ? ಬಣ್ಣ ನೋಡಿ ಹೇಳುವವರು ಬಹಳ ಜನ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಡುವುದು ಅದರ ಕೆಲಸ, ಆ ಕಪ್ಪಿಗೆ ಹೆದರಬೇಕಿಲ್ಲ. ನಿಜವಾಗಿ ಖರ್ಚಾಗುವುದು ಕ್ಷಾರದ ಸಂಗ್ರಹ. ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಆಯಿಲ್‌ನ ಕ್ಷಾರ ತಿಂದುಹಾಕುತ್ತದೆ. ಇದರ ಅಳತೆಗೆ ಟಿಬಿಎನ್ ಎನ್ನುತ್ತಾರೆ. ಹೊಸ ಸಿಐ-4 ಆಯಿಲ್‌ನಲ್ಲಿ ಇದು ಸುಮಾರು 10 ಇರುತ್ತದೆ, ಅರ್ಧಕ್ಕೆ ಇಳಿದರೆ ಬದಲಿಸಬೇಕು ಎಂಬುದು ರೂಢಿಯ ಲೆಕ್ಕ. ಇದರ ಜೊತೆಗೆ ಮಸಿ ಮಿತಿಮೀರುವುದು, ನೋಝಲ್ ಸೋರಿ ಡೀಸೆಲ್ ಬೆರೆತು ಆಯಿಲ್ ತೆಳುವಾಗುವುದು, ಕಾವಿಗೆ ಆಕ್ಸಿಡೈಸ್ ಆಗಿ ಗಟ್ಟಿಯಾಗುವುದು, ಧೂಳು ಸೇರುವುದು. ಕಾವು ಹತ್ತು ಡಿಗ್ರಿ ಏರಿದರೆ ಆಕ್ಸಿಡೈಸ್ ಆಗುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಒಳಗೆ ಬಂದ ಧೂಳನ್ನಾಗಲಿ ಡೀಸೆಲ್ಲನ್ನಾಗಲಿ ಹೊರಹಾಕುವ ಶಕ್ತಿ ಯಾವ ಬಾಟಲಿಗೂ ಇಲ್ಲ.

ನಾನು ಮಾಡಿದ್ದು ಇಷ್ಟು. ಒಬ್ಬರೇ ಮಾಲೀಕರ ಎರಡು ಟಿಪ್ಪರ್ ಆರಿಸಿಕೊಂಡೆ. ಮಾಡೆಲ್ ಒಂದೇ, ವರ್ಷ ಒಂದೇ, ಓಡುವ ದಾರಿಯೂ ಒಂದೇ. ಎರಡಕ್ಕೂ ಒಂದೇ ಬ್ಯಾಚಿನ 15ಡಬ್ಲ್ಯೂ-40 ಗ್ರೇಡಿನ ಆಯಿಲ್, ಒಂದೇ ಕಂಪನಿಯ ಫಿಲ್ಟರ್. ಒಂದಕ್ಕೆ ಮಾತ್ರ ಬಾಟಲಿಯ ಮೇಲೆ ಬರೆದ ಅಳತೆಯಂತೆ ಅಡಿಟಿವ್. ಮುಂದಿನ ಸಲ ಅದಲುಬದಲು ಮಾಡಿದೆ, ಬಾಟಲಿ ಹಾಕದ ಗಾಡಿಗೆ ಹಾಕಿದೆ. ಒಂದು ಎಂಜಿನ್ ಸ್ವಭಾವತಃ ಚೆನ್ನಾಗಿದ್ದು ಅದರ ಶ್ರೇಯ ಬಾಟಲಿಗೆ ಹೋಗಬಾರದು ಎಂದು ಹೀಗೆ ಮಾಡಿದ್ದು.

ಸ್ಯಾಂಪಲ್ ತೆಗೆಯುವುದಕ್ಕೂ ಒಂದು ಕ್ರಮವಿದೆ. ಗಾಡಿ ಓಡಿ ಬಂದು ಎಂಜಿನ್ ಬಿಸಿ ಇರುವಾಗಲೇ ತೆಗೆಯಬೇಕು. ಡ್ರೈನ್ ಪ್ಲಗ್ ಬಿಚ್ಚಿದ ತಕ್ಷಣ ಬರುವ ಧಾರೆಯಲ್ಲಿ ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತಳದ ಕಸವೆಲ್ಲ ಬರುತ್ತದೆ. ಅದನ್ನು ಬಿಟ್ಟು ನಡುವಿನ ಧಾರೆಯನ್ನು ಒಣಗಿದ, ಸ್ವಚ್ಛ ಬಾಟಲಿಗೆ ಹಿಡಿಯಬೇಕು. ಆಯಿಲ್ ಬದಲಿಸದೆ ನಡುವೆ ತೆಗೆಯುವುದಾದರೆ ಡಿಪ್‌ಸ್ಟಿಕ್ ಕೊಳವೆಯೊಳಗೆ ಸಣ್ಣ ಪೈಪ್ ಇಳಿಸಿ ಕೈಪಂಪಿನಿಂದ ಎಳೆಯುತ್ತೇನೆ. ಪ್ರತಿ ಸಲ ಹೊಸ ಪೈಪ್. ಲ್ಯಾಬಿಗೆ ಹೋಗುವ ಚೀಟಿಯಲ್ಲಿ ಕಿಲೋಮೀಟರ್, ಎಂಜಿನ್ ಓಡಿದ ಗಂಟೆ, ನಡುವೆ ಎಷ್ಟು ಟಾಪ್-ಅಪ್ ಹಾಕಿದೆವು ಎಂಬುದನ್ನು ಬರೆಯಲೇಬೇಕು. ಟಾಪ್-ಅಪ್ ಲೆಕ್ಕ ಬಿಟ್ಟರೆ ರಿಪೋರ್ಟ್ ಓದುವುದೇ ಕಷ್ಟ, ಏಕೆಂದರೆ ಹೊಸ ಆಯಿಲ್ ಸೇರಿದಷ್ಟೂ ಟಿಬಿಎನ್ ಮೇಲೇರಿ ಕಾಣುತ್ತದೆ.

ಲ್ಯಾಬಿಗೆ ಕಳಿಸುವ ಮೊದಲು ಗ್ಯಾರೇಜಿನಲ್ಲೇ ಮಾಡುವ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಕಾಲೇಜು ಲ್ಯಾಬ್‌ಗಳಲ್ಲಿ ಬಳಸುವ ಫಿಲ್ಟರ್ ಪೇಪರ್ ಮೇಲೆ ಬಿಸಿ ಆಯಿಲ್‌ನ ಒಂದು ಹನಿ ಬಿಟ್ಟು, ಗಾಳಿ ಧೂಳು ತಾಗದ ಕಡೆ ಒಂದು ರಾತ್ರಿ ಮಲಗಿಸಿಡುತ್ತೇನೆ. ಹನಿ ಹರಡಿ ಬೂದು ಬಣ್ಣ ಅಂಚಿನವರೆಗೆ ಸಮನಾಗಿ ತೆಳುವಾಗುತ್ತ ಹೋದರೆ ಡಿಸ್ಪರ್ಸೆಂಟ್ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ನಡುವೆ ಕಾಡಿಗೆಯಂಥ ಕಪ್ಪು ಚುಕ್ಕೆ ನಿಂತು ಸುತ್ತ ಬರೀ ಎಣ್ಣೆ ಹರಡಿದ್ದರೆ ಮಸಿಯನ್ನು ಹೊರುವ ಶಕ್ತಿ ಮುಗಿಯಿತು, ಇನ್ನು ಅದು ಚೇಂಬರಿನಲ್ಲಿ ಕೆಸರಾಗಿ ಕೂರುತ್ತದೆ. ಹೊರ ಅಂಚಿನಲ್ಲಿ ತೆಳುವಾದ, ಬೇರೆಯಾಗಿ ಕಾಣುವ ಬಳೆ ಇದ್ದರೆ ಡೀಸೆಲ್ ಸೇರಿದೆಯೇ ಎಂದು ಅನುಮಾನಿಸಬೇಕು. ಒಂದೇ ಗಾಡಿಯ ಹನಿಗಳನ್ನು ದಿನಾಂಕ ಬರೆದು ಒಂದರ ಪಕ್ಕ ಒಂದು ಅಂಟಿಸಿಟ್ಟರೆ ಓದು ಬರದ ಡ್ರೈವರ್‌ಗೂ ವಿಷಯ ತಿಳಿಯುತ್ತದೆ.

ಫಲ ಏನು ಬಂತು? ಬಾಟಲಿ ಹಾಕಿದ ಗಾಡಿಯ ಮೊದಲ ಸ್ಯಾಂಪಲ್‌ನಲ್ಲಿ ಸತು, ರಂಜಕ ಜಾಸ್ತಿ ಇದ್ದವು, ಅದು ನಿರೀಕ್ಷಿತ. ಸ್ನಿಗ್ಧತೆ, ಅಂದರೆ ಆಯಿಲ್‌ನ ದಪ್ಪವೂ ಕೊಂಚ ಮೇಲಿತ್ತು. ಆದರೆ ಟಿಬಿಎನ್ ಎರಡೂ ಗಾಡಿಗಳಲ್ಲಿ ಒಂದೇ ಇಳಿಜಾರಿನಲ್ಲಿ ಇಳಿಯಿತು. ಮಸಿಯಲ್ಲಿ ವ್ಯತ್ಯಾಸವಿಲ್ಲ. ಸವೆತದ ಲೋಹಗಳಾದ ಲೈನರ್‌ನ (ಸಿಲಿಂಡರ್ ಒಳಗೋಡೆಯ) ಕಬ್ಬಿಣ, ರಿಂಗ್‌ನ ಕ್ರೋಮಿಯಂ, ಬೇರಿಂಗ್ ಶೆಲ್‌ನ ಸೀಸ ಮತ್ತು ತಾಮ್ರ ಬಾಟಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೇಲಿದ್ದ ಸ್ನಿಗ್ಧತೆ ಓಡುತ್ತ ಓಡುತ್ತ ಇಳಿದು ಇನ್ನೊಂದು ಗಾಡಿಯ ಮಟ್ಟಕ್ಕೇ ಬಂತು. ಅದಲುಬದಲು ಮಾಡಿದಾಗಲೂ ಹೀಗೇ.

ಈ ಸ್ನಿಗ್ಧತೆಯ ಆಟ ಅರ್ಥಮಾಡಿಕೊಳ್ಳಬೇಕಾದದ್ದು. ಬಹಳ ಬಾಟಲಿಗಳಲ್ಲಿ ಇರುವುದು ದಪ್ಪನೆಯ ಪಾಲಿಮರ್. ಸವೆದ ಎಂಜಿನ್ನಿಗೆ ಹಾಕಿದ ಕೂಡಲೇ ಸದ್ದು ಇಳಿಯುತ್ತದೆ, ಆಯಿಲ್ ಪ್ರೆಷರ್ ಮುಳ್ಳು ಮೇಲೇರುತ್ತದೆ, ಡ್ರೈವರ್ "ಎಂಜಿನ್ ಸ್ಮೂತ್ ಆತು ಅಣ್ಣಾ" ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಬೇರಿಂಗ್ ಮತ್ತು ಗೇರ್‌ಗಳ ನಡುವೆ ಸಿಕ್ಕು ಪಾಲಿಮರ್‌ನ ಉದ್ದನೆಯ ಎಳೆಗಳು ತುಂಡಾಗುತ್ತ ಹೋಗುತ್ತವೆ, ಆಯಿಲ್ ಮತ್ತೆ ತೆಳುವಾಗುತ್ತದೆ. ಅಷ್ಟರಲ್ಲಿ ಮಾಲೀಕರು ಬದಲಿಸುವ ದಿನವನ್ನು ಮುಂದಕ್ಕೆ ಹಾಕಿರುತ್ತಾರೆ.

ಬಾಟಲಿ ಮಾರಲು ಬರುವವರು ಒಂದು ಯಂತ್ರ ತರುತ್ತಾರೆ. ತಿರುಗುವ ಚಕ್ರಕ್ಕೆ ಒಂದು ರೋಲರ್ ಬೇರಿಂಗ್ ಒತ್ತಿ, ಸನ್ನೆಗೋಲಿನ ತುದಿಗೆ ತೂಕ ಹೇರುವುದು. ಮಾಮೂಲಿ ಆಯಿಲ್‌ನಲ್ಲಿ ಮೋಟರ್ ನಿಂತುಹೋಗುತ್ತದೆ, ಅವರದ್ದು ಹಾಕಿದರೆ ನಿಲ್ಲುವುದಿಲ್ಲ. ನೋಡಿದವರು ಅಲ್ಲೇ ದುಡ್ಡು ಕೊಡುತ್ತಾರೆ. ಇದು ಗ್ರೀಸ್ ಮತ್ತು ಗೇರ್ ಆಯಿಲ್‌ಗಳಿಗೆ ಮಾಡುವ ವಿಪರೀತ ಒತ್ತಡದ ಪರೀಕ್ಷೆಯ ಮಾದರಿ. ಎಂಜಿನ್ನಿನ ಮೇನ್ ಬೇರಿಂಗ್ ಆಯಿಲ್ ಪದರದ ಮೇಲೆ ತೇಲುತ್ತದೆ, ಅಲ್ಲಿ ಹೀಗೆ ಲೋಹಕ್ಕೆ ಲೋಹ ಉಜ್ಜುವುದಿಲ್ಲ. ಕ್ಲೋರಿನ್ ಇರುವ ಪ್ಯಾರಾಫಿನ್ ಈ ಯಂತ್ರದಲ್ಲಿ ಬಹಳ ಚೆನ್ನಾಗಿ ಗೆಲ್ಲುತ್ತದೆ. ಅದೇ ಎಂಜಿನ್ ಒಳಗೆ ಕಾವು ಮತ್ತು ತೇವದ ಜೊತೆ ಸೇರಿ ಆಮ್ಲವಾಗಬಲ್ಲದು. ಹಾಗಾದರೆ ಆಯಿಲ್‌ನ ಕ್ಷಾರ ಉಳಿಯುವುದಿರಲಿ, ಇನ್ನೂ ಬೇಗ ಖರ್ಚಾಗುತ್ತದೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಬಾಟಲಿಗಳ ಜಾಹೀರಾತಿನ ಮೇಲೆ ಹಲವು ಪ್ರಕರಣ ಹೂಡಿದೆ. ಸ್ಲಿಕ್ 50 ಎಂಬ ಟೆಫ್ಲಾನ್ ಮಾದರಿಯ ಅಡಿಟಿವ್‌ನ ಪ್ರಕರಣ 1996ರಲ್ಲಿ ಶುರುವಾಗಿ ಮರುವರ್ಷ ಒಪ್ಪಂದದಲ್ಲಿ ಮುಗಿಯಿತು. ಆಧಾರವಿಲ್ಲದೆ ಸವೆತ ಕಡಿಮೆಯಾಗುತ್ತದೆಂದು ಹೇಳಬಾರದು ಎಂಬುದು ಅದರ ಸಾರ.

ಈಗ ನಿಜವಾಗಿ ಫಲ ಕೊಟ್ಟದ್ದರ ಬಗ್ಗೆ. ಅದೇ ರಿಪೋರ್ಟುಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸಿಲಿಕಾನ್. ಒಂದು ಗಾಡಿಯಲ್ಲಿ ಇನ್ನೊಂದಕ್ಕಿಂತ ಸ್ಪಷ್ಟವಾಗಿ ಜಾಸ್ತಿ, ಬಾಟಲಿ ಇದ್ದಾಗಲೂ ಇಲ್ಲದಾಗಲೂ. ಸಿಲಿಕಾನ್ ಎಂದರೆ ಧೂಳು. ನಮ್ಮ ಕಡೆ ಇನ್ನೊಂದು ತೊಡಕಿದೆ, ಅದಿರಿನ ಧೂಳಿನಲ್ಲೇ ಕಬ್ಬಿಣ ಇರುತ್ತದೆ. ರಿಪೋರ್ಟಿನಲ್ಲಿ ಕಬ್ಬಿಣ ಏರಿದ ಮಾತ್ರಕ್ಕೆ ಲೈನರ್ ಸವೆದಿದೆ ಎಂದು ಎಂಜಿನ್ ಇಳಿಸಬಾರದು. ಸಿಲಿಕಾನ್ ಜೊತೆ ಏರಿದೆಯೇ, ಕ್ರೋಮಿಯಂ ಹೇಗಿದೆ ಎಂದು ಒಟ್ಟಿಗೆ ನೋಡಬೇಕು. ಆ ಗಾಡಿಯ ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿದೆ. ಕ್ಲಾಂಪ್ ಕೆಳಗೆ ಸೀಳು ಬಿಟ್ಟಿತ್ತು, ಒಳಗೋಡೆಯ ಮೇಲೆ ಬೆರಳಾಡಿಸಿದರೆ ಕೆಂಪು ಪುಡಿ. ಹೋಸ್, ಕ್ಲಾಂಪ್ ಎರಡನ್ನೂ ಬದಲಿಸಿದ ಮೇಲೆ ಬಂದ ರಿಪೋರ್ಟಿನಲ್ಲಿ ಸಿಲಿಕಾನ್ ಇಳಿಯಿತು, ಅದರ ಹಿಂದೆಯೇ ಕ್ರೋಮಿಯಂ ಕೂಡ ಇಳಿಯಿತು. ಬಾಟಲಿಯ ಬೆಲೆಗೆ ಹೋಲಿಸುವಷ್ಟೂ ಇಲ್ಲದ ಖರ್ಚಿನಲ್ಲಿ ಒಂದು ಎಂಜಿನ್ ಉಳಿಯಿತು. ಏರ್ ಫಿಲ್ಟರನ್ನು ಗಾಳಿ ಹೊಡೆದು ಹೊಡೆದು ಬಳಸುವ ಅಭ್ಯಾಸವನ್ನೂ ಅಂದಿನಿಂದ ಬಿಡಿಸಿದೆ, ಪೇಪರ್ ತೂತಾದರೆ ಹೊರಗಿನಿಂದ ಕಾಣುವುದಿಲ್ಲ.

ಎರಡನೆಯದು ಗಂಟೆಯ ಲೆಕ್ಕ. ಗಣಿಯ ಸಾಲಿನಲ್ಲಿ ಎಂಜಿನ್ ಚಾಲೂ ಇಟ್ಟು ನಿಲ್ಲುವ ಟಿಪ್ಪರ್‌ಗೆ ಕಿಲೋಮೀಟರ್ ಅಳತೆ ಸಾಲದು. ಜೆಸಿಬಿ, ಹಿಟಾಚಿಗಳಿಗೆ ಗಂಟೆ ನೋಡುವ ಹಾಗೆ ಇವುಗಳಿಗೂ ನೋಡುತ್ತೇನೆ. ಜೋರಾಗಿ ತಿರುಗಿ ಕೊಳೆಯನ್ನು ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಫಿಲ್ಟರ್ ಇರುವ ಎಂಜಿನ್‌ಗಳಲ್ಲಿ ಪ್ರತಿ ಸಲ ಬಿಚ್ಚಿ ರೋಟರ್ ಗೋಡೆಗೆ ಅಂಟಿದ ಕೆಸರನ್ನು ಕೆರೆದು ತೆಗೆಯುತ್ತೇವೆ, ಅದರ ದಪ್ಪವನ್ನೂ ಬರೆದಿಡುತ್ತೇವೆ. ಲ್ಯಾಬಿನ ಯಂತ್ರಕ್ಕೆ ಕಾಣುವುದು ಕೆಲವೇ ಮೈಕ್ರಾನ್‌ನ ಕಣಗಳು, ದೊಡ್ಡ ಚೂರು ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ.

ಇಷ್ಟಾದ ಮೇಲೆ ಅವಧಿ ಹೆಚ್ಚಿಸಬಹುದೇ? ಹೆಚ್ಚಿಸಿದೆವು. ವಾರಂಟಿ ಮುಗಿದ ಗಾಡಿಗಳಲ್ಲಿ ಮಾತ್ರ. ಮ್ಯಾನ್ಯುಯಲ್‌ನ ಅವಧಿಗೆ ಸ್ಯಾಂಪಲ್ ತೆಗೆಯುವುದು. ಟಿಬಿಎನ್ ಅರ್ಧಕ್ಕಿಂತ ಸಾಕಷ್ಟು ಮೇಲಿದ್ದು, ನೂರು ಡಿಗ್ರಿಯಲ್ಲಿ ಸ್ನಿಗ್ಧತೆ 40ರ ಗ್ರೇಡಿಗೆ ಹೇಳಿದ 12.5ರಿಂದ 16.3 ಸೆಂಟಿಸ್ಟೋಕ್ ನಡುವೆ ಇದ್ದು, ಲೋಹಗಳು ಏರಿರದಿದ್ದರೆ ಅವಧಿಯನ್ನು ಹತ್ತನೇ ಒಂದು ಪಾಲಿನಷ್ಟು ಹೆಚ್ಚಿಸಿ ಮತ್ತೆ ಸ್ಯಾಂಪಲ್. ಡೀಸೆಲ್ ಬದಲಾದದ್ದೂ ಇದಕ್ಕೆ ದೊಡ್ಡ ನೆರವು. ಬಿಎಸ್ ಎಂದರೆ ಭಾರತ್ ಸ್ಟೇಜ್, ನಮ್ಮ ದೇಶದ ಹೊಗೆ ನಿಯಮದ ಹಂತ. ಬಿಎಸ್-3ರ ಡೀಸೆಲ್‌ನಲ್ಲಿ ಗಂಧಕ 350 ಪಿಪಿಎಂವರೆಗೆ ಇರಬಹುದಿತ್ತು, ಬಿಎಸ್-4ರಲ್ಲಿ 50, 2020ರ ಏಪ್ರಿಲ್‌ನಿಂದ ದೇಶವಿಡೀ ಬಂದ ಬಿಎಸ್-6ರಲ್ಲಿ 10. ಗಂಧಕ ಕಡಿಮೆಯಾದಷ್ಟೂ ಆಮ್ಲ ಕಡಿಮೆ, ಕ್ಷಾರದ ಉಳಿತಾಯ. ಹಳೆಯ ಗಾಡಿಗೂ ಇದರ ಲಾಭ ಸಿಕ್ಕಿದೆ.

ಬಿಎಸ್-6 ಗಾಡಿಗಳಿಗೆ ಬಾಟಲಿ ಬೇಡವೇ ಬೇಡ ಎಂದು ಕೈಮುಗಿದು ಹೇಳುತ್ತೇನೆ. ಅವುಗಳ ಹೊಗೆನಳಿಗೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಮಸಿ ಸೇರಿದರೆ ರೀಜನರೇಷನ್‌ನಲ್ಲಿ, ಅಂದರೆ ಕಾವೇರಿಸಿ ಶುಚಿಮಾಡುವಾಗ, ಸುಟ್ಟುಹೋಗುತ್ತದೆ, ಆದರೆ ಆಯಿಲ್‌ನ ಸತು, ಕ್ಯಾಲ್ಸಿಯಂ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕಾಗಿಯೇ ಸಿಕೆ-4 ಆಯಿಲ್‌ಗೆ ಬೂದಿಯ ಮಿತಿ ಶೇಕಡಾ 1 ಎಂದು ಹಾಕಿದ್ದಾರೆ. ಮೇಲಿಂದ ಲೋಹದ ಅಡಿಟಿವ್ ಸುರಿದರೆ ಆ ಮಿತಿ ಮೀರುತ್ತದೆ, ಡಿಪಿಎಫ್ ಬದಲಿಸುವ ಖರ್ಚು ಕೇಳಿದವರಿಗೆ ಗೊತ್ತು. ಬೈಕಿನವರಿಗೂ ಒಂದು ಮಾತು: ನಮ್ಮ ಹೆಚ್ಚಿನ ಬೈಕುಗಳ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಜಾರಿಸುವ ಮಾಲಿಬ್ಡಿನಂ ಬಾಟಲಿ ಹಾಕಿದರೆ ಕ್ಲಚ್ ಸ್ಲಿಪ್ ಆಗಬಹುದು. ಡಬ್ಬದ ಮೇಲೆ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಎಂದಿರುವ ಆಯಿಲ್ ಹಾಕಿ, ಅದಕ್ಕೆ ಏನನ್ನೂ ಸೇರಿಸಬೇಡಿ.

ಬಾಟಲಿಗೆ ನಾನು ಜಾಗ ಕೊಡುವುದು ಒಂದೇ ಕಡೆ. ಹಳೆಯ ವಿಲ್ಲೀಸ್ ಜೀಪ್‌ನಂಥ, ಚಪ್ಪಟೆ ಟ್ಯಾಪೆಟ್‌ನ ಎಂಜಿನ್‌ಗಳಿಗೆ ಇಂದಿನ ಪೆಟ್ರೋಲ್ ಕಾರಿನ ಆಯಿಲ್ ಹಾಕುವವರಿದ್ದಾರೆ. ಹೊಗೆ ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರ್ ಕೆಡದಿರಲೆಂದು ಆ ಆಯಿಲ್‌ಗಳಲ್ಲಿ ರಂಜಕವನ್ನು ಇಳಿಸಿದ್ದಾರೆ. ಅಲ್ಲಿ ಕ್ಯಾಮ್ ಉಳಿಸಲು ಝಡ್‌ಡಿಡಿಪಿ ಬಾಟಲಿ ಅಳತೆಯಲ್ಲಿ ಹಾಕಿದರೆ ಅರ್ಥವಿದೆ. ಆ ಜೀಪ್‌ಗಳ ಆಯಿಲ್ ಬದಲಿಸುವ ಅವಧಿಯನ್ನು ಮಾತ್ರ ನಾನು ಒಂದು ದಿನವೂ ಮುಂದಕ್ಕೆ ಹಾಕಿಲ್ಲ.