ಹೋಟೆಲಿಗೆ ಹೊತ್ತು ನೋಡಿ ಹೋಗುವುದು

ಯಾವ ಹೋಟೆಲಿನಲ್ಲಿ ದೋಸೆ ಚೆನ್ನಾಗಿರುತ್ತದೆ ಎಂದು ನನ್ನನ್ನು ಕೇಳುವವರು ಬಹಳ ಜನ. ಅಲ್ಲಿಗೆ ಎಷ್ಟು ಹೊತ್ತಿಗೆ ಹೋದರೆ ಚೆನ್ನಾಗಿರುತ್ತದೆ ಎಂದು ಕೇಳುವವರು ತೀರ ಕಡಿಮೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಗಾಂಧಿ ಬಜಾರಿನಿಂದ ಸಜ್ಜನರಾವ್ ವೃತ್ತದವರೆಗೆ ನಡೆದೇ ಮುಟ್ಟಬಹುದಾದ ಹೋಟೆಲು ಮತ್ತು ಬೇಕರಿಗಳಲ್ಲಿ ವರ್ಷಗಟ್ಟಲೆ ತಿಂದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಅದೇ ಭಟ್ಟರು, ಅದೇ ಹಿಟ್ಟು, ಅದೇ ಕಾವಲಿ ಇದ್ದರೂ ಬೆಳಗಿನ ಎಂಟು ಗಂಟೆಯ ದೋಸೆಯೂ ಹನ್ನೊಂದೂವರೆಯ ದೋಸೆಯೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಹೊರಗೆ ತಿನ್ನುವ ವಿಷಯದಲ್ಲಿ ನಾನು ಮೊದಲು ಗಡಿಯಾರ ನೋಡುತ್ತೇನೆ, ಆಮೇಲೆ ಬೋರ್ಡು.

ಜನ ಕಡಿಮೆ ಇರುವ ಹೊತ್ತಿಗೆ ಹೋದರೆ ಆರಾಮಾಗಿ ಕೂತು ತಿನ್ನಬಹುದು ಎಂಬುದು ಎಲ್ಲರ ಲೆಕ್ಕಾಚಾರ. ಆರಾಮೇನೋ ಸಿಗುತ್ತದೆ, ತಿಂಡಿ ಸಿಗುವುದಿಲ್ಲ. ನಮ್ಮ ಬೀದಿಯ ತುದಿಯಲ್ಲಿ ಒಂದು ದರ್ಶಿನಿ ಇದೆ, ಹೆಸರು ಬೇಡ. ಬೆಳಗ್ಗೆ ಎಂಟೂವರೆಗೆ ಅಲ್ಲಿ ಟೋಕನ್ ಹಿಡಿದವರು ಕೈ ಚಾಚಿಕೊಂಡು ನಿಂತಿರುತ್ತಾರೆ. ಇಡ್ಲಿಯ ತಟ್ಟೆಗಳು ಹಬೆಪೆಟ್ಟಿಗೆಯಿಂದ ಈಚೆ ಬಂದು ಒಂದೆರಡು ನಿಮಿಷದಲ್ಲಿ ಬರಿದಾಗುತ್ತವೆ. ಹನ್ನೊಂದು ಗಂಟೆಗೆ ಅದೇ ಕೌಂಟರಿನಲ್ಲಿ ಒಬ್ಬರೋ ಇಬ್ಬರೋ. ಆಗ ಮಾಡಿಟ್ಟ ಇಡ್ಲಿ ಮುಚ್ಚಿದ ಹಾಟ್‌ಕೇಸಿನೊಳಗೆ ತನ್ನದೇ ಹಬೆಯಲ್ಲಿ ಬೆವರುತ್ತ ಕೂತಿರುತ್ತದೆ. ಮೇಲ್ಭಾಗ ನೆನೆದ ಹತ್ತಿಯಂತಾಗಿ, ಅಂಚು ಗಟ್ಟಿಯಾಗಿ, ಬೆರಳಿಟ್ಟರೆ ಅಂಟುತ್ತದೆ. ವಡೆಯನ್ನು ಇನ್ನೊಮ್ಮೆ ಎಣ್ಣೆಗೆ ಅದ್ದಿ ಬಿಸಿ ಮಾಡಿ ಕೊಡುತ್ತಾರೆ, ಹೊರಗೆ ಬಿಸಿ, ಒಳಗೆ ತಣ್ಣಗೆ. ಇದರಲ್ಲಿ ಹೋಟೆಲಿನವರ ತಪ್ಪೇನೂ ಇಲ್ಲ, ಗಿರಾಕಿ ಇಲ್ಲದ ಹೊತ್ತಿಗೆ ಯಾರೂ ಬಾಣಲೆ ತುಂಬ ವಡೆ ಬಿಡುವುದಿಲ್ಲ. ಅದಕ್ಕೇ ನಾನು ನೂಕುನುಗ್ಗಲಿನ ಹೊತ್ತನ್ನೇ ಆರಿಸಿಕೊಳ್ಳುತ್ತೇನೆ, ಇಲ್ಲವಾದರೆ ಹಣ ಕೊಡುವ ಮೊದಲು ಕೌಂಟರಿನ ಹುಡುಗನನ್ನು ಕೇಳುತ್ತೇನೆ: "ತಮ್ಮಾ, ವಡೆ ಈಗ ಬಿಟ್ಟಿದ್ದಾ?" ಈ ಪ್ರಶ್ನೆಗೆ ಸುಳ್ಳು ಹೇಳಿದವರು ಅಪರೂಪ. "ಐದ್ ನಿಮಿಷ ಇರಿ ಸಾರ್, ಬಾಣಲೆಗೆ ಹಾಕ್ತಾವ್ರೆ" ಎಂದರೆ ಕಾಯುತ್ತೇನೆ. ಅವನು ಮಾತನಾಡದೆ ಅತ್ತ ತಿರುಗಿದರೆ ಕಾಫಿಗೆ ಮಾತ್ರ ಟೋಕನ್ ತೆಗೆದುಕೊಳ್ಳುತ್ತೇನೆ.

ದೋಸೆಯ ವಿಷಯದಲ್ಲಿ ಹೊತ್ತಿನ ಪಾತ್ರ ಇನ್ನೂ ಹೆಚ್ಚು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದದ್ದು. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳು, ಅಪರಿಚಿತರೊಡನೆ ಹಂಚಿಕೊಳ್ಳಬೇಕಾದ ಮೇಜುಗಳು, ಒಂದೇ ತೋಳಿನ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಬರುವ ಮಾಣಿಗಳು, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವೇ. ನಾನು ಗಮನಿಸುವುದು ಒಳಗಿನ ಕಾವಲಿಯನ್ನು. ಅಲ್ಲಿ ದೋಸೆಯನ್ನು ಒಂದೊಂದಾಗಿ ಹುಯ್ಯುವುದಿಲ್ಲ, ಸಾಲುಸಾಲಾಗಿ ಹುಯ್ಯುತ್ತಾರೆ. ಒಂದು ಸಾಲು ಎಬ್ಬಿಸಿದ ಮೇಲೆ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುತ್ತಾರೆ; ಚುಂಯ್ ಎಂದು ಹಬೆ ಏಳುತ್ತದೆ. ಆ ನೀರು ಕಾವಲಿಯನ್ನು ಶುಚಿ ಮಾಡುವುದರ ಜೊತೆಗೆ ಅದರ ಕಾವನ್ನು ತುಸು ಇಳಿಸುತ್ತದೆ. ಕಾವು ಅತಿಯಾದರೆ ಹಿಟ್ಟು ಹರಡುವ ಮೊದಲೇ ಕಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ದೋಸೆ ಬೇಯುತ್ತದೆಯೇ ಹೊರತು ಗರಿಯಾಗುವುದಿಲ್ಲ. ಒಂದರ ಹಿಂದೊಂದು ಸಾಲು ಬೀಳುತ್ತಿರುವಾಗ ಆ ಕಬ್ಬಿಣ ಒಂದು ಹದಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ, ಹಿಂದಿನ ಸಾಲುಗಳ ತುಪ್ಪವೂ ಅದಕ್ಕೆ ಹಿಡಿದಿರುತ್ತದೆ. ಬಾಗಿಲು ತೆರೆದ ಕೂಡಲೇ ಬೀಳುವ ಮೊದಲ ಸಾಲಿನ ದೋಸೆಗಿಂತ ಅನಂತರದ ಸಾಲಿನವು ನನಗೆ ಮೇಲೆನ್ನಿಸಿವೆ. ಆದ್ದರಿಂದ ಬೆಳಗಿನ ಜಾವವೇ ಹೋಗಿ ಮೊದಲ ಗಿರಾಕಿಯಾಗುವ ಹುಮ್ಮಸ್ಸು ನನಗಿಲ್ಲ. ವಾರದ ನಡುವಿನ ದಿನ, ಕಚೇರಿಗೆ ಹೋಗುವವರು ಆತುರಾತುರವಾಗಿ ತಿನ್ನುವ ಹೊತ್ತಿಗೆ ಹೋಗುತ್ತೇನೆ. ಭಾನುವಾರ ಹೊರಗೆ ಹೆಸರು ಬರೆಸಿ ಕಾಯಬೇಕು, ಕಾದು ಹಸಿವು ಸತ್ತ ಮೇಲೆ ತಿನ್ನುವುದರಲ್ಲಿ ಅರ್ಥವಿಲ್ಲ.

ಅಲ್ಲಿನ ಮಸಾಲೆ ದೋಸೆ ಮೇಲೆ ಕಂದು ಬಣ್ಣದ ಗರಿ, ಒಳಗೆ ದಪ್ಪ ಮತ್ತು ಮೆತ್ತಗೆ. ಚಟ್ನಿ ತೆಳು, ದೋಸೆಯ ಮೇಲೆಯೇ ಬೇಕೇ ಪಕ್ಕಕ್ಕೆ ಬೇಕೇ ಎಂಬುದನ್ನು ಮಾಣಿ ಕೈ ಎತ್ತುವ ಮೊದಲೇ ಹೇಳಿಬಿಡಬೇಕು. ಮೇಲೆ ಸುರಿಸಿಕೊಂಡರೆ ಗರಿ ಹೋಯಿತು. ಹಾಗೆಯೇ ಬೇಕು ಎನ್ನುವ ಹಳಬರನ್ನೂ ಕಂಡಿದ್ದೇನೆ, ಅವರ ರುಚಿ ಅವರಿಗೆ. ನಾನು ಮೊದಲು ಅಂಚನ್ನು ಬರಿದಾಗಿ ಮುರಿದು ತಿನ್ನುತ್ತೇನೆ, ಏಕೆಂದರೆ ಹಿಟ್ಟಿನ ಹುಳಿ ಎಷ್ಟಿದೆ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ, ಪಲ್ಯ ಚಟ್ನಿಗಳ ಜೊತೆ ಅದು ಮರೆಯಾಗುತ್ತದೆ.

ಹುಳಿಯ ಮಾತು ಬಂದದ್ದರಿಂದ ಋತುವಿನ ಮಾತನ್ನೂ ಹೇಳಬೇಕು. ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಆಗ ಹಿಟ್ಟು ನಿಧಾನವಾಗಿ ಉಬ್ಬುತ್ತದೆ, ಅಳತೆ ತಿಳಿದ ಭಟ್ಟರು ಮುಂಚೆಯೇ ರುಬ್ಬಿಸಿಡುತ್ತಾರೆ, ತಿಳಿಯದವರ ದೋಸೆ ಸಪ್ಪೆಯಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಇದರ ತದ್ವಿರುದ್ಧ. ಬೆಳಗ್ಗೆ ಸರಿಯಾಗಿದ್ದ ಹಿಟ್ಟು ಸಂಜೆಯ ವೇಳೆಗೆ ಹುಳಿ ಮೀರುತ್ತದೆ, ಹುಳಿ ಮೀರಿದ ಹಿಟ್ಟಿನ ದೋಸೆ ಎಷ್ಟು ಹೊತ್ತು ಕಾವಲಿಯ ಮೇಲಿಟ್ಟರೂ ಬಣ್ಣ ಕಟ್ಟುವುದಿಲ್ಲ, ಏಕೆಂದರೆ ಕಂದು ಬಣ್ಣ ಬರಿಸುವ ಸಕ್ಕರೆಯ ಅಂಶವನ್ನು ಹುದುಗು ಅಷ್ಟರಲ್ಲಿ ತಿಂದು ಮುಗಿಸಿರುತ್ತದೆ. ಬೇಸಗೆಯ ಸಂಜೆ ಬಿಳಿಚಿಕೊಂಡ ದೋಸೆಗಳು ಪಕ್ಕದ ಮೇಜಿಗೆ ಹೋಗುವುದನ್ನು ಕಂಡರೆ ನಾನು ಉಪ್ಪಿಟ್ಟು ಕೇಳುತ್ತೇನೆ.

ಹೊಸ ಹೋಟೆಲಿಗೆ ಹೋದಾಗ ನನ್ನ ನಂಬಿಕೆ ಚಟ್ನಿಯ ಮೇಲೆ. ಸಾಂಬಾರಿಗೆ ಮಸಾಲೆಯ ಮರೆ ಇದೆ, ಬೆಲ್ಲದ ಮರೆ ಇದೆ. ತೆಂಗಿನಕಾಯಿ ಚಟ್ನಿಗೆ ಯಾವ ಮರೆಯೂ ಇಲ್ಲ. ಕಾಯಿಯ ಬೆಲೆ ಏರಿದಾಗ ಹುರಿಗಡಲೆ ಹೆಚ್ಚುತ್ತದೆ, ಚಟ್ನಿ ಗಟ್ಟಿಯಾಗಿ ನಾಲಿಗೆಗೆ ಹಿಟ್ಟುಹಿಟ್ಟಾಗಿ ಹತ್ತುತ್ತದೆ. ಹೊತ್ತು ಮೀರಿದ ಕಾಯಿ ಹುಳಿಯ ವಾಸನೆ ಬಿಡತೊಡಗಿದಾಗ ಒಗ್ಗರಣೆಯಲ್ಲಿ ಇಂಗು ಹೆಚ್ಚಾಗುವುದುಂಟು. ನಾನು ಚಟ್ನಿಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತೇನೆ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಪಾತ್ರೆಗೆ ನೀರು ಬಿದ್ದಿದ್ದರೆ ಗೊತ್ತಾಗಿಬಿಡುತ್ತದೆ. ಈ ದೃಷ್ಟಿಯಿಂದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನನಗೆ ಬಹಳ ಪ್ರಾಮಾಣಿಕವಾದ ಅಂಗಡಿ. 1965ರಲ್ಲಿ ಶುರುವಾದ ಇಲ್ಲಿ ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ, ಹೆಚ್ಚೂಕಡಿಮೆ ಇಷ್ಟೇ. ಸಾಂಬಾರು ಇಲ್ಲ. ಕೂರಲು ಜಾಗವಿಲ್ಲ, ತಟ್ಟೆ ಹಿಡಿದು ರಸ್ತೆಯ ಬದಿಯಲ್ಲಿ ನಿಲ್ಲಬೇಕು. ಎಷ್ಟು ಸಲ ತಟ್ಟೆ ಒಡ್ಡಿದರೂ ಚಟ್ನಿ ಹಾಕುತ್ತಾರೆ. ಸಾಂಬಾರು ಕೊಡದೆ, ಚಟ್ನಿಯೊಂದನ್ನೇ ನಂಬಿ ಇಷ್ಟು ವರ್ಷ ಅಂಗಡಿ ನಡೆಸಬೇಕಾದರೆ ಆ ಚಟ್ನಿಯನ್ನು ದಿನಕ್ಕೆ ಎಷ್ಟು ಸಲ ಹೊಸದಾಗಿ ರುಬ್ಬಬೇಕಾಗುತ್ತದೆ ಎಂಬುದನ್ನು ಯೋಚಿಸಿದರೆ ಅಲ್ಲಿನ ತಿಂಡಿಗಳ ಸಂಖ್ಯೆ ಏಕೆ ಬೆಳೆಯಲಿಲ್ಲ ಎಂಬುದು ಅರ್ಥವಾಗುತ್ತದೆ.

ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ನಾನು ಹೋಗುವುದು ರವೆ ಇಡ್ಲಿಗಾಗಿ. ಪಾರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಈ ಹೋಟೆಲು ಈಗಿನ ಕಟ್ಟಡಕ್ಕೆ ಬಂದದ್ದು 1960ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ನಡೆದದ್ದು ಇವರಲ್ಲಿಯೇ. ಅಕ್ಕಿ ಇಡ್ಲಿಯಂತೆ ರವೆ ಇಡ್ಲಿಯ ಹಿಟ್ಟು ರಾತ್ರಿಯಿಡೀ ಹುದುಗುವುದಿಲ್ಲ. ಮೊಸರು ಮತ್ತು ಸೋಡದ ಬಲದಿಂದ ಆಗಿಂದಾಗ್ಗೆ ಉಬ್ಬುತ್ತದೆ, ಒಲೆಯಿಂದ ಇಳಿದ ಮೇಲೆ ಅಷ್ಟೇ ಬೇಗ ಬಿಗಿಯುತ್ತದೆ. ಹೀಗಾಗಿ ಅದು ಮಾತಾಡುತ್ತ ಕೂರುವವರ ತಿಂಡಿಯಲ್ಲ. ಹಸಿರು ಚಟ್ನಿ, ಸಾಗು, ಪುಟ್ಟ ಬಟ್ಟಲಿನಲ್ಲಿ ತುಪ್ಪ ಬರುತ್ತವೆ. ತುಪ್ಪವನ್ನು ಮೊದಲು ಇಡ್ಲಿಯ ನಡುವೆ ಬಗೆದು ಹುಯ್ದು, ಅದು ಒಳಗೆ ಇಳಿಯುವವರೆಗೆ ತಾಳಿ, ಆಮೇಲೆ ಸಾಗು ಮುಟ್ಟುವುದು ನನ್ನ ಕ್ರಮ. ನನ್ನ ಹೆಂಡತಿ ಇದಕ್ಕೆ ಒಪ್ಪುವುದಿಲ್ಲ, ಸಾಗಿನಲ್ಲಿ ಮುಳುಗಿಸಿಯೇ ತಿನ್ನುತ್ತಾಳೆ. ಇಬ್ಬರೂ ಹೋದಾಗ ಒಂದು ರವೆ ಇಡ್ಲಿ, ಒಂದು ಮಸಾಲೆ ದೋಸೆ ಹೇಳಿ ಹಂಚಿಕೊಳ್ಳುತ್ತೇವೆ. ಎರಡಕ್ಕಿಂತ ಹೆಚ್ಚು ಬಗೆ ಹೇಳಿದರೆ ಮೂರನೆಯದು ತಣ್ಣಗಾಗುವುದು ಖಂಡಿತ.

ಕಾಫಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಫಿಪುಡಿಯಲ್ಲಿ ಶೇಕಡ 49ರವರೆಗೆ ಚಿಕೋರಿ ಬೆರೆಸಲು ಕಾನೂನು ಅವಕಾಶ ಕೊಡುತ್ತದೆ, ಎಷ್ಟೋ ಹೋಟೆಲುಗಳು ಆ ಅವಕಾಶವನ್ನು ಪೂರ್ತಿ ಬಳಸಿಕೊಳ್ಳುತ್ತವೆ ಎಂಬ ಅನುಮಾನ ನನಗಿದೆ. ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಹಾಲಿನ ಹೊತ್ತು: ಜನ ಹೆಚ್ಚಿರುವಾಗ ಹಾಲು ಬೇಗ ಖರ್ಚಾಗುತ್ತದೆ, ಜನ ಇಲ್ಲದಾಗ ಅದು ಸಣ್ಣ ಉರಿಯಲ್ಲಿ ಕುದ್ದೂ ಕುದ್ದೂ ಕೆನೆಗಟ್ಟಿ ಒಂದು ಬಗೆಯ ಸೀದ ವಾಸನೆ ಹಿಡಿಯುತ್ತದೆ. ಪಾರ್ಸಲ್ ವಿಷಯವೂ ಅಷ್ಟೇ. ಮಸಾಲೆ ದೋಸೆಯನ್ನು ಕಟ್ಟಿಸಿಕೊಂಡು ಹೋಗಲೇಬೇಕಾದರೆ ಪಲ್ಯವನ್ನು ಬೇರೆ ಕಟ್ಟಿಸಿ, ದೋಸೆಯ ಪೊಟ್ಟಣವನ್ನು ಬಿಗಿಯಾಗಿ ಸುತ್ತಬೇಡಿ ಎಂದು ಹೇಳುತ್ತೇನೆ. ಹಬೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಗರಿ ಎನ್ನುವುದು ಇರುವುದಿಲ್ಲ.

ಬೇಕರಿಯ ಗಡಿಯಾರವೇ ಬೇರೆ. ಅಲ್ಲಿ ಬಿಸಿಯಾದದ್ದೆಲ್ಲ ರುಚಿ ಎಂಬ ನಿಯಮ ನಡೆಯುವುದಿಲ್ಲ. ಇದನ್ನು ನಾನು ಕಲಿತದ್ದು ಹಾಸನದ ಕಡೆಯಿಂದ ಬಂದ ಒಬ್ಬ ಅಯ್ಯಂಗಾರ್ ಬೇಕರಿಯವರ ಭಟ್ಟಿಯ ಮುಂದೆ. ಬೆಂಗಳೂರಿನ ಬಹುಪಾಲು ಅಯ್ಯಂಗಾರ್ ಬೇಕರಿಗಳ ಮೂಲ ಹಾಸನ ಜಿಲ್ಲೆಯ ಹಳ್ಳಿಗಳೇ. ಹಳೆಯ ಪದ್ಧತಿಯ ಸೌದೆ ಭಟ್ಟಿಯಲ್ಲಿ ಉರಿ ಹಾಕಿ ಇಟ್ಟಿಗೆಯನ್ನು ಕಾಯಿಸಿ, ಕೆಂಡವನ್ನು ಬದಿಗೆ ಸರಿಸಿದ ಮೇಲೆ ಕಾವು ಇಳಿಯುತ್ತಲೇ ಹೋಗುತ್ತದೆ, ಆ ಇಳಿಯುವ ಕಾವಿಗೆ ತಕ್ಕಂತೆ ಸರಕು ಒಳಗೆ ಹೋಗುತ್ತದೆ. ಹೆಚ್ಚು ಕಾವು ಬೇಡುವ ಬ್ರೆಡ್ಡು, ಬನ್ನು ಮೊದಲು, ಬಿಸ್ಕತ್ತು ಅನಂತರ, ಕೊನೆಯಲ್ಲಿ ಉಳಿದ ಕಾವಿನಲ್ಲಿ ರಸ್ಕು ನಿಧಾನವಾಗಿ ಒಣಗುತ್ತದೆ. "ಸ್ವಾಮಿ, ಬ್ರೆಡ್ಡು ಬಿಸಿ ಇದೆ ಅಂತ ಆಸೆಪಟ್ಟು ಕೊಯ್ಸಬೇಡಿ, ಮುದ್ದೆಯಾಗುತ್ತೆ" ಎಂದು ಅವರು ನನ್ನ ಮುಂದೆಯೇ ಒಬ್ಬ ಗಿರಾಕಿಯನ್ನು ತಡೆದರು. ಒಳಗಿನ ತಿರುಳು ಆರಿ ಕೂತ ಮೇಲೆಯೇ ಕತ್ತಿ ಆಡಬೇಕು. ಅಂದಿನಿಂದ ಬ್ರೆಡ್ಡನ್ನು ಸಂಜೆ ಕೊಂಡು ಮರುದಿನ ಬೆಳಗ್ಗೆ ಬಳಸುವುದು ನಮ್ಮ ಮನೆಯ ರೂಢಿ.

ಸಜ್ಜನರಾವ್ ವೃತ್ತದ ಬಳಿ 1953ರಿಂದ ಇರುವ ವಿ. ಬಿ. ಬೇಕರಿಯಲ್ಲಿ ಖಾರದ ಬನ್ನು ಮಾತ್ರ ನನ್ನ ಈ ಸಂಯಮಕ್ಕೆ ಹೊರತು. ಹಸಿಮೆಣಸಿನಕಾಯಿ, ಈರುಳ್ಳಿ, ಸೊಪ್ಪು ಬಿದ್ದ ಆ ಬನ್ನನ್ನು ಟ್ರೇ ಹೊರಗೆ ಬಂದ ಹೊತ್ತಿಗೆ ಹಿಡಿದರೆ ತಳ ಇನ್ನೂ ಗರಿಯಾಗಿರುತ್ತದೆ, ಒಡೆದಾಗ ಮೊದಲು ಬರುವುದು ಬೆಂದ ಈರುಳ್ಳಿಯ ಸಿಹಿ ವಾಸನೆ, ಖಾರ ತಡವಾಗಿ ಗಂಟಲಿಗೆ ಹತ್ತುತ್ತದೆ. ಅರ್ಧಕ್ಕೆ ಸೀಳಿ ಬೆಣ್ಣೆ ಹಚ್ಚಿಕೊಡುವ ಕಡೆ ಬೆಣ್ಣೆ ಹಚ್ಚಿಸಿಕೊಳ್ಳುತ್ತೇನೆ. ಪಲ್ಯದ ಬನ್ನು ಸ್ವಲ್ಪ ಆರಿದರೂ ನಡೆಯುತ್ತದೆ. ಪಫ್ ಆರಿದರೆ ಅದರ ಪದರಗಳು ತೊಗಲಾಗುತ್ತವೆ, ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಡುವ ಬೇಕರಿಯಲ್ಲಿ ನಾನು ಪಫ್ ಕೇಳುವುದೇ ಇಲ್ಲ. ಹನಿ ಕೇಕಿಗೆ ಆತುರ ಸಲ್ಲದು: ಪಾಕ ಕೇಕಿನ ತಳದವರೆಗೆ ಇಳಿದು, ಮೇಲಿನ ಜಾಮು ಮತ್ತು ಕೊಬ್ಬರಿ ತುರಿ ಒಂದಕ್ಕೊಂದು ಹೊಂದಿಕೊಳ್ಳಲು ಕೆಲವು ಗಂಟೆ ಬೇಕು. ಬೆಳಗ್ಗೆ ಮಾಡಿದ್ದನ್ನು ಸಂಜೆ ತಿಂದರೆ ಸರಿಯಾದ ಹದ. ದಿಲ್‌ಪಸಂದಿನ ಒಳಗಿನ ಕೊಬ್ಬರಿ ಹೂರಣವೂ ಮರುದಿನಕ್ಕೆ ಕೆಡುವುದಿಲ್ಲ, ನನ್ನ ಬಾಯಿಗೆ ಮರುದಿನದ್ದೇ ಹೆಚ್ಚು ರುಚಿ. ಬೆಣ್ಣೆ ಬಿಸ್ಕತ್ತು ಪೂರ್ತಿ ಆರಿದ ಮೇಲೆಯೇ ಬಾಯಲ್ಲಿ ಪುಡಿಯಾಗುತ್ತದೆ.

ಅದೇ ವೃತ್ತದ ತಿಂಡಿಬೀದಿ ಸಂಜೆಯ ವ್ಯಾಪಾರಕ್ಕೆ ಹೆಸರಾದದ್ದು. ಅವರೆಕಾಯಿಯ ಕಾಲದಲ್ಲಿ, ಡಿಸೆಂಬರ್ ಜನವರಿಗಳಲ್ಲಿ, ಅಲ್ಲಿ ಹಿತಕಿದ ಅವರೆಬೇಳೆಯ ದೋಸೆ, ಉಪ್ಪಿಟ್ಟು, ಹೋಳಿಗೆಗಳಿಗೆ ಜನ ಮುಗಿಬೀಳುತ್ತಾರೆ. ಅಲ್ಲಿಯೂ ನಾನು ಹುಡುಕುವುದು ಕಾವಲಿಯ ಮುಂದೆ ಗುಂಪು ಕಟ್ಟಿದ ಅಂಗಡಿಯನ್ನೇ. ಹೋಟೆಲುಗಳ ರಜೆ ತಿಳಿದಿದ್ದರೆ ವಾರವನ್ನು ಹಂಚಿಕೊಳ್ಳುವುದು ಸುಲಭ: ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ, ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಆ ಎರಡು ದಿನ ನಾನು ಬೆಳಗಿನ ತಿಂಡಿಯನ್ನು ಮನೆಯಲ್ಲಿಯೇ ಮುಗಿಸಿ, ಸಂಜೆ ನಾಲ್ಕರ ಮೇಲೆ ಖಾರದ ಬನ್ನಿನ ಟ್ರೇ ಈಚೆ ಬರುವ ಹೊತ್ತಿಗೆ ಬೇಕರಿಯ ಕಡೆ ನಡೆಯುತ್ತೇನೆ.