ಪೆರ್ಲದಿಂದ ಕುವೈತ್‌ವರೆಗೆ: ಆರು ಮಂದಿಗೆ ಒಗ್ಗುವ ಆಟ ಹುಡುಕಿದ್ದು

ಈ ಲೆಕ್ಕವನ್ನು ನಾನು ಮೊದಲೇ ಮಾಡಬೇಕಿತ್ತು. ಫೋನಿನಲ್ಲಿ ಆಡುವ ಪಾಲಿಟೋಪಿಯಾ ಎಂಬ ಯುದ್ಧದಾಟ, ಅದರ ಒಂದು ನಕ್ಷೆಯಲ್ಲಿ ಆರು ಮಂದಿ, ಒಬ್ಬರ ನಡೆ ಮುಗಿದ ಮೇಲೆ ಇನ್ನೊಬ್ಬರದು, ಒಬ್ಬೊಬ್ಬರಿಗೆ 24 ಗಂಟೆ ಗಡುವು. ಎಲ್ಲರೂ ಗಡುವಿನ ತನಕ ಎಳೆದರೆ ಒಂದು ಸುತ್ತಿಗೆ ಆರು ದಿನ, 30 ಸುತ್ತಿಗೆ 180 ದಿನ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಶುರು ಮಾಡಿದ ಆಟ ದೀಪಾವಳಿ ಬಂದರೂ ಹದಿನಾಲ್ಕನೇ ಸುತ್ತು ದಾಟಿರಲಿಲ್ಲ. ಯಾರ ಸರದಿ ಎಂದು ಕೇಳುವವರೂ ಆಮೇಲೆ ಇಲ್ಲವಾದರು.

ನಾವು ಆರು ಮಂದಿ ಒಂದೇ ಕುಟುಂಬದವರು. ಕಾಸರಗೋಡಿನ ಪೆರ್ಲದ ಹತ್ತಿರ ಕನ್ನಡ ಶಾಲೆಯಲ್ಲಿ ಪಾಠ ಮಾಡುವ ನಾನು, ತೋಟ ನೋಡಿಕೊಳ್ಳುವ ಯಜಮಾನರು, ಕುವೈತ್‌ನಲ್ಲಿರುವ ತಮ್ಮ, ಶಾರ್ಜಾದಲ್ಲಿರುವ ಚಿಕ್ಕಮ್ಮನ ಮಗಳು, ಬೆಂಗಳೂರಿನ ನಾದಿನಿ, ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವ ಅಕ್ಕನ ಮಗ. ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಸಿಕ್ಕಿದರೆ ಹೆಚ್ಚು. ಸಣ್ಣವರಿದ್ದಾಗ ಆಟಿಯ ಮಳೆಯಲ್ಲಿ ಜಗಲಿಯಲ್ಲಿ ಕೂತು ಚೆನ್ನೆಮಣೆ ಆಡುತ್ತಿದ್ದೆವು. ಮರದ ಮಣೆಯಲ್ಲಿ 14 ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಬೀಜ. ಅಜ್ಜಿ ನಡುವಲ್ಲಿ ಎದ್ದು ಹೋಗಿ ಒಲೆಗೆ ಕಟ್ಟಿಗೆ ದೂಡಿ ಬಂದರೂ ಆಟ ಇದ್ದ ಹಾಗೇ ಇರುತ್ತಿತ್ತು. ಹಾಗೆ ನಮಗಾಗಿ ಕಾಯುವ ಆಟವೊಂದು ಫೋನಿನಲ್ಲಿ ಸಿಕ್ಕೀತೇ ಎಂಬುದೇ ನನ್ನ ಹುಡುಕಾಟ.

ಮೊದಲು ಕೈಹಾಕಿದ್ದು ವೆಸ್ನಾತ್‌ಗೆ. 2003ರಿಂದ ಇರುವ, ಪೂರ್ತಿ ಉಚಿತವಾದ ಕಂಪ್ಯೂಟರ್ ಯುದ್ಧದಾಟ. ನಕ್ಷೆಯಲ್ಲಿ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಕಾಡು, ಗುಡ್ಡ, ನೀರು ಒಂದೊಂದಕ್ಕೂ ಒಂದೊಂದು ರಕ್ಷಣೆ. ಹಗಲು ರಾತ್ರಿ ಬದಲಾಗುತ್ತಾ ಹೋಗುತ್ತದೆ: ಹಗಲಿನ ಪಕ್ಷದವರ ಏಟು ಬೆಳಕಿನಲ್ಲಿ ಶೇ 25 ಜೋರು, ಕತ್ತಲಲ್ಲಿ ಶೇ 25 ಕಡಿಮೆ, ಓರ್ಕ್ ಎಂಬ ರಾಕ್ಷಸರಿಗೆ ಇದರ ತಿರುಗಾಮುರುಗಾ. ಸಂಜೆಯಾಗುವಾಗ ಹಿಂದೆ ಸರಿದು, ಬೆಳಗಾಗುವಾಗ ಮುನ್ನುಗ್ಗುವ ಆ ಲಯ ನನಗೆ ತುಂಬ ಹಿಡಿಸಿತು. ಆದರೆ ಎಲ್ಲರೂ ಒಂದೇ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂರಬೇಕು. ಉಳಿಸಿಟ್ಟ ಆಟ ಮುಂದುವರಿಸಲಿಕ್ಕೂ ಮತ್ತೆ ಎಲ್ಲರೂ ಸೇರಬೇಕು. ನಮಗೆ ರಾತ್ರಿ ಒಂಬತ್ತಾದರೆ ಶಾರ್ಜಾದಲ್ಲಿ ಏಳೂವರೆ, ಕುವೈತ್‌ನಲ್ಲಿ ಆರೂವರೆ. ತಮ್ಮನಿಗೆ ಪಾಳಿ ಕೆಲಸ. ಎರಡು ಸಲ ಕೂತೆವು, ಮೂರನೇ ಸಲ ನಾನೂ ನಾದಿನಿಯೂ ಮಾತ್ರ ಉಳಿದೆವು.

ನಾಗರಿಕತೆ ಕಟ್ಟಿ ಬೆಳೆಸುವ ಸಿವಿಲೈಸೇಶನ್ 6 ಎಂಬ ಆಟ ಆಡುವ ಎಂದು ಅಕ್ಕನ ಮಗ ಹೇಳಿದ. ಸರದಿ ಕ್ಲೌಡ್‌ನಲ್ಲಿ ಕಾಯುವ ಏರ್ಪಾಡು ಅದರಲ್ಲಿದೆ, ನಿಜ. ಆದರೆ ಅದನ್ನು ತಾಳುವ ಕಂಪ್ಯೂಟರ್ ಇದ್ದದ್ದು ಅವನೊಬ್ಬನಲ್ಲಿ. ಅಲ್ಲಿಗೆ ಬಿಟ್ಟೆವು.

ಡಿಪ್ಲೊಮಸಿಯ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 1959ರಲ್ಲಿ ಅಲನ್ ಕ್ಯಾಲ್‌ಹ್ಯಾಮರ್ ಹೊರತಂದ ಬೋರ್ಡ್ ಆಟ ಅದು, ನಾವು ಆಡಿದ್ದು ಫೋನಿನಲ್ಲಿ. ಮೊದಲ ಮಹಾಯುದ್ಧಕ್ಕೆ ಮುಂಚಿನ ಯೂರೋಪು, ಏಳು ರಾಜ್ಯಗಳು, ಸೈನ್ಯಕ್ಕೆ ಪೂರೈಕೆ ಕೊಡುವ 34 ಕೇಂದ್ರಗಳು; 18 ಹಿಡಿದವರು ಗೆದ್ದರು. ಆರೇ ಮಂದಿ ಇದ್ದರೆ ಇಟಲಿಯನ್ನು ಬಿಟ್ಟು ಆಡಬಹುದು. ದಾಳ ಇಲ್ಲ, ಅದೃಷ್ಟ ಇಲ್ಲ. ಮುಖ್ಯವಾಗಿ, ಸರದಿ ಎಂಬುದೇ ಇಲ್ಲ: ಎಲ್ಲರೂ ಗುಟ್ಟಾಗಿ ಆದೇಶ ಬರೆದಿಡುತ್ತಾರೆ, ಗಡುವು ಮುಗಿದಾಗ ಎಲ್ಲವೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಆರು ಮಂದಿ ಇದ್ದರೂ ಒಂದು ಹಂತಕ್ಕೆ ಒಂದೇ ದಿನ. ಸಮಯದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಆಟ ನಮಗೆ ಸಿಗಲಿಲ್ಲ.

ನಾನು ಆಸ್ಟ್ರಿಯಾ, ತಮ್ಮ ರಷ್ಯಾ. ಇಬ್ಬರ ನಡುವೆ ಗಲೀಷಿಯಾ ಎಂಬ ತುಂಡು ಜಾಗ. "ನಾನು ಅಲ್ಲಿಗೆ ಬರುವುದಿಲ್ಲ ಅಕ್ಕ, ನೀನು ತೆಂಕಿಗೆ ಹೋಗು ಆಯ್ತಾ" ಎಂದು ಫೋನಿನಲ್ಲಿ ಹೇಳಿದ. ನಂಬಿ ಸೈನ್ಯವನ್ನೆಲ್ಲ ತೆಂಕಿಗೆ ಕಳಿಸಿದೆ. ಮರುದಿನ ಶಾಲೆಯ ವರಾಂಡದಲ್ಲಿ ನಿಂತು ಫೋನ್ ತೆರೆದರೆ ವಾರ್ಸಾದ ಸೈನ್ಯ ಗಲೀಷಿಯಾದಲ್ಲಿ ಕೂತಿದೆ. ಆಟದ ಮೊದಲ ನಡೆ ಅದು. ಆ ಆಟದಲ್ಲಿ ಅದು ತಪ್ಪಲ್ಲ, ಅದೇ ಆಟ. ಆದರೂ ನನಗೆ ನಿಜವಾಗಿ ನೋವಾಯಿತು. ಆ ಭಾನುವಾರ ನಾನು ಅವನಿಗೆ ಫೋನ್ ಮಾಡಲಿಲ್ಲ. ಇತ್ತ ನಾನೂ ಯಜಮಾನರೂ ಒಂದೇ ಮನೆಯಲ್ಲಿರುವವರು, ಊಟಕ್ಕೆ ಕೂತಾಗ ಒಪ್ಪಂದ ಮಾಡಿಕೊಳ್ಳುತ್ತೇವೆ ಎಂದು ಉಳಿದವರಿಗೆ ಅನುಮಾನ. ಆಫೀಸಿನ ಗೆಳೆಯರಿಗೆ ಈ ಆಟವನ್ನು ಧೈರ್ಯವಾಗಿ ಹೇಳುತ್ತೇನೆ. ವಾರಕ್ಕೊಮ್ಮೆ ಮಾತ್ರ ದನಿ ಕೇಳುವ ಅಕ್ಕತಮ್ಮಂದಿರಿಗೆ ಹೇಳುವುದಿಲ್ಲ.

ಕೊನೆಗೆ ನಿಂತದ್ದು ಪಾಲಿಟೋಪಿಯಾದಲ್ಲಿ. ಸ್ವೀಡನ್‌ನವರ ಆಟ, 2016ರದ್ದು. ಒಂದು ನಡೆಗೆ ಮೂರು ನಾಲ್ಕು ನಿಮಿಷ ಸಾಕು, ಸಾಧಾರಣ ಫೋನಿನಲ್ಲೂ ಓಡುತ್ತದೆ. ಬಾರ್ಡೂರ್ ಎಂಬ ಬುಡಕಟ್ಟನ್ನು ತೆಗೆದುಕೊಂಡರೆ ಬೇಟೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಊರು ಬೇಗ ಬೆಳೆಯುತ್ತದೆ. ಹೊಸಬರಿಗೆ ನಾನು ಅದನ್ನೇ ಕೊಡುವುದು. ಆನ್‌ಲೈನಿನಲ್ಲಿ ಜೊತೆಯಾಗಿ ಆಡಲು ಒಂದು ಬುಡಕಟ್ಟನ್ನಾದರೂ ಹಣ ಕೊಟ್ಟು ಕೊಳ್ಳಬೇಕಿತ್ತು. ಕಾಲೇಜು ಹುಡುಗನಿಗೆ ಅದು ಭಾರವಾಗಬಾರದೆಂದು ಅವನದನ್ನು ನಾವೇ ಕೊಟ್ಟೆವು. ಇಂಥ ವಿಷಯ ಮೊದಲೇ ಮಾತಾಡಿಕೊಳ್ಳದಿದ್ದರೆ ಇಲ್ಲದವರು ನೆಪ ಹೇಳಿ ಹಿಂದೆ ಸರಿಯುತ್ತಾರೆ, ಕಾರಣ ನಮಗೆ ತಿಳಿಯುವುದೇ ಇಲ್ಲ.

ಆರೂ ಮಂದಿ ಒಂದೇ ನಕ್ಷೆಗಿಳಿದು ಆಟ ಸತ್ತ ಕಥೆ ಆಗಲೇ ಹೇಳಿದೆ. ಪರಿಹಾರ ಸೂಚಿಸಿದವರು ಯಜಮಾನರು. "ಮೂವರು ಮೂವರಾಗಿ ಎರಡು ಆಟ ಮಾಡುವ. ಆಗ ಸುತ್ತಿಗೆ ಹೆಚ್ಚೆಂದರೆ ಮೂರು ದಿನ ಅಲ್ವಾ?" ಎಂದರು. ಗೆಲುವಿನ ಬಗೆಯನ್ನೂ ಬದಲಿಸಿದೆವು: ಎಲ್ಲರ ರಾಜಧಾನಿ ಹಿಡಿಯುವ ಬದಲು 10,000 ಅಂಕ ಮೊದಲು ಮುಟ್ಟಿದವರು ಗೆದ್ದಂತೆ. ಹಿಂದೆ ಬಿದ್ದವರೂ ತಮ್ಮ ಊರು ಬೆಳೆಸುತ್ತಾ ಕೊನೆಯ ತನಕ ಉಳಿಯುತ್ತಾರೆ. ಹಾಗೆ ಆಡಿದ ಮೊದಲ ಆಟ ಐದು ವಾರಕ್ಕೆ ಮುಗಿಯಿತು.

ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದ ತೆಂಕು ಮೂಲೆಯಲ್ಲಿ, ದನದ ಹಟ್ಟಿಗೆ ಇಳಿಯುವ ಮೆಟ್ಟಿಲ ಹತ್ತಿರ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಕೊಡೆ ಹಿಡಿದು ಅಲ್ಲಿ ನಿಂತು, ಪರದೆಯ ಮೇಲಿನ ಹನಿಯನ್ನು ಸೆರಗಿನಿಂದ ಒರೆಸುತ್ತಾ ನಡೆ ಕಳಿಸಿದ್ದೇನೆ. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಕೇಳುವುದಿಲ್ಲ. ಊರು ಕಾಯಲು ಬಿಟ್ಟ ಯೋಧ ಒಮ್ಮೆ ಸಮುದ್ರದ ಕಡೆ ನಡೆದುಬಿಟ್ಟ. ಯಜಮಾನರದು ಬೇರೆ ತೊಂದರೆ. ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಬಿಸಿಲು ಕಂಡರೆ ಸಾಕು, ಬೆಳಗ್ಗಿಂದ ಕತ್ತಲವರೆಗೆ ತೋಟದಲ್ಲೇ. ತಮ್ಮನ ಫೋನಿನಲ್ಲಿ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಇದ್ದುದರಿಂದ ಸರದಿಯ ಸೂಚನೆಯೇ ಬರುತ್ತಿರಲಿಲ್ಲ. ಎರಡು ವಾರ ಅವನನ್ನು ಸೋಮಾರಿ ಎಂದುಕೊಂಡಿದ್ದೆವು. ಸೆಟ್ಟಿಂಗ್ ತೆಗೆದ ದಿನದಿಂದ ಎಲ್ಲರಿಗಿಂತ ಬೇಗ ನಡೆ ಬರುವುದು ಅವನದೇ.

ಕಳೆದ ಸಲ ಆಟದ ನಡುವೆ ಮಾವನವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನಮ್ಮಿಬ್ಬರ ಗಡುವೂ ಮೀರಿತು. "ಚಿಕ್ಕಮ್ಮ, ಆಟ ಬಿಡಿ, ಅಜ್ಜ ಹೇಗಿದ್ದಾರೆ ಹೇಳಿ" ಎಂದು ಹುಡುಗ ಸಂದೇಶ ಕಳಿಸಿದ. ಅವರು ಮನೆಗೆ ಬಂದ ಮೇಲೆ ಹೊಸ ನಕ್ಷೆ ತೆರೆದೆವು. ಈಗ ಆಟ ಹೂಡುವ ಮೊದಲು ಒಬ್ಬೊಬ್ಬರೂ ಮುಂದಿನ ಐದು ವಾರದ ಪರೀಕ್ಷೆ, ಪಾಳಿ, ಮದ್ದು ಬಿಡುವುದು, ಊರಿನ ಜಾತ್ರೆ ಎಲ್ಲವನ್ನೂ ಗ್ರೂಪಿನಲ್ಲಿ ಬರೆಯುತ್ತೇವೆ. ಅದನ್ನು ನೋಡಿ ಯಾವ ಮೂವರು ಒಂದು ನಕ್ಷೆಗೆ ಎಂದು ನಾನು ಗುಂಪು ಮಾಡುತ್ತೇನೆ. ನಾನೂ ಯಜಮಾನರೂ ಒಂದೇ ನಕ್ಷೆಗೆ ಬರುವುದಿಲ್ಲ.