ಹೊಸಬರಿಗೆ ಮಾರ್ಗದರ್ಶಿ: ಬಲ್ಲ ಇಂಗ್ಲಿಷೇ ಕೈಕೊಡುವ ಜಾಗಗಳು

ಇಂಗ್ಲಿಷ್ ಮಾತಾಡುವ ದೇಶಕ್ಕೆ ಹೊಸದಾಗಿ ಬಂದ ಕನ್ನಡಿಗರಿಗಾಗಿ ಬರೆದದ್ದು ಇದು. ಇಂಗ್ಲಿಷ್ ಬಾರದವರಿಗಿಂತ ಚೆನ್ನಾಗಿ ಬರುವವರೇ ಇದನ್ನು ಓದುವುದು ಒಳ್ಳೆಯದು. ಬಾರದವರು ದುಭಾಷಿಯನ್ನು ಕೇಳುತ್ತಾರೆ, ಎರಡು ಸಲ ವಿಚಾರಿಸುತ್ತಾರೆ. ಬರುವವರು ಸಲೀಸಾಗಿ ಒಂದು ಮಾತು ಆಡಿ ಎದ್ದು ಬರುತ್ತಾರೆ. ಎದುರಿನವರು ಬೇರೆಯದನ್ನೇ ತಿಳಿದುಕೊಂಡಿದ್ದು ಇಬ್ಬರಿಗೂ ಗೊತ್ತಾಗುವುದಿಲ್ಲ. ಕನ್ನಡ ಒಂದೇ ಪದದಲ್ಲಿ ಮುಗಿಸುವ ಕಡೆ ಇಂಗ್ಲಿಷ್ ಎರಡೋ ಮೂರೋ ಪದ ಇಟ್ಟುಕೊಂಡಿರುವುದೇ ಹೆಚ್ಚಿನ ಎಡವಟ್ಟಿಗೆ ಕಾರಣ. ತಪ್ಪಿದರೆ ಹೆಚ್ಚು ನಷ್ಟವಾಗುವ ಜಾಗದಿಂದಲೇ ಶುರುಮಾಡಿದ್ದೇವೆ.

ಡಾಕ್ಟರ ಮುಂದೆ

ಕನ್ನಡದಲ್ಲಿ ಭುಜದಿಂದ ಬೆರಳ ತುದಿಯವರೆಗೂ ಕೈಯೇ. ಇಂಗ್ಲಿಷಿನಲ್ಲಿ ಮಣಿಕಟ್ಟಿನಿಂದ ಕೆಳಗಿನದು ಮಾತ್ರ ಹ್ಯಾಂಡ್, ಮೇಲಿನದು ಆರ್ಮ್. ಕಾಲಿನದೂ ಅದೇ ಕಥೆ: ಪಾದ ಫುಟ್, ಅದರ ಮೇಲಿನದು ಲೆಗ್. ಕೈಬೆರಳು ಫಿಂಗರ್, ಕಾಲ್ಬೆರಳು ಟೋ. ಎದೆನೋವಿನ ಜೊತೆ ಎಡತೋಳು ನೋಯುವುದು ಹೃದಯದ ತೊಂದರೆಯ ಲಕ್ಷಣವಿರಬಹುದು. ಅದನ್ನು ಫೋನಿನಲ್ಲಿ 'ಲೆಫ್ಟ್ ಹ್ಯಾಂಡ್ ಪೇನ್' ಎಂದರೆ ಆ ಕಡೆಯವರ ಮನಸ್ಸಿಗೆ ಬರುವುದು ಅಂಗೈ. ಎದುರಿಗಿದ್ದರೆ ಮುಟ್ಟಿ ತೋರಿಸಿ. ಫೋನಿನಲ್ಲಾದರೆ 'ಬಿಟ್ವೀನ್ ದ ಎಲ್ಬೋ ಅಂಡ್ ದ ಶೋಲ್ಡರ್' ಎಂದು ಗಡಿ ಹೇಳಿ.

ಊರಿನಲ್ಲಿ ಇಂಗ್ಲಿಷ್ ಎಂದುಕೊಂಡು ಬಳಸುವ ಎಷ್ಟೋ ಪದಗಳು ಹೊರಗಿನ ಡಾಕ್ಟರಿಗೆ ಅರ್ಥವಾಗುವುದಿಲ್ಲ. 'ಲೂಸ್ ಮೋಷನ್' ಬದಲು ಡಯೇರಿಯಾ ಅನ್ನಿ. 'ಐ ಹ್ಯಾವ್ ಬಿಪಿ' ಎಂದರೆ ಎಲ್ಲರಿಗೂ ಇರುತ್ತದಲ್ಲ ಎಂದು ಅವರು ನೋಡುತ್ತಾರೆ. 'ಹೈ ಬ್ಲಡ್ ಪ್ರೆಶರ್' ಎನ್ನಬೇಕು. 'ಶುಗರ್' ಡಯಾಬಿಟಿಸ್, 'ಗ್ಯಾಸ್ಟ್ರಿಕ್' ಇಂಡೈಜೆಶನ್ ಅಥವಾ ಹಾರ್ಟ್‌ಬರ್ನ್. ಹಾರ್ಟ್‌ಬರ್ನ್ ಎನ್ನುವುದು ಎದೆಯುರಿ, ಹೃದಯಕ್ಕೂ ಅದಕ್ಕೂ ಸಂಬಂಧವಿಲ್ಲ. 'ಉಷ್ಣ ಆಗಿದೆ' ಎನ್ನುವುದಕ್ಕೆ ಇಂಗ್ಲಿಷೇ ಇಲ್ಲ, 'ಬಾಡಿ ಹೀಟ್' ಎಂದರೆ ಜ್ವರ ನೋಡಲು ಥರ್ಮಾಮೀಟರ್ ತರುತ್ತಾರೆ. ಬಾಯಿಹುಣ್ಣೋ ಉರಿಮೂತ್ರವೋ, ಆಗಿರುವುದನ್ನು ಹೇಳಿ.

'ಪಾಸ್ಡ್ ಔಟ್' ಎಂದರೆ ಪ್ರಜ್ಞೆ ತಪ್ಪಿತು ಎಂದರ್ಥ. ಮಗ ಕಾಲೇಜು ಮುಗಿಸಿದ್ದರೆ 'ಗ್ರ್ಯಾಜುಯೇಟೆಡ್'. 'ಐ ಆಮ್ ಕೋಲ್ಡ್' ಎಂದರೆ ಚಳಿ, 'ಐ ಹ್ಯಾವ್ ಎ ಕೋಲ್ಡ್' ಎಂದರೆ ನೆಗಡಿ. ಬ್ರಿಟಿಷರ ಬಾಯಲ್ಲಿ 'ಶಿ ವಾಸ್ ಸಿಕ್' ಎಂದರೆ ವಾಂತಿ ಮಾಡಿಕೊಂಡಳು ಎಂದೂ ಆಗುತ್ತದೆ.

ಔಷಧಿಯ ಶೀಶೆಯ ಮೇಲೆ ನಮ್ಮ 'ಚಮಚ' ಎರಡಾಗುತ್ತದೆ. ಟೀಸ್ಪೂನ್ 5 ಮಿಲಿ, ಟೇಬಲ್‌ಸ್ಪೂನ್ 15 ಮಿಲಿ. ಸಂಕ್ಷಿಪ್ತವಾಗಿ ಬರೆದಾಗ ನಡುವೆ ಒಂದು 'ಬಿ' ಅಕ್ಷರದ್ದಷ್ಟೇ ವ್ಯತ್ಯಾಸ, ಮಗುವಿನ ಹೊಟ್ಟೆಗೆ ಹೋಗುವುದು ಮೂರು ಪಟ್ಟು. ಅಡುಗೆಮನೆಯ ಚಮಚವನ್ನೇ ನಂಬಬೇಡಿ, ಅಳತೆಯ ಸಿರಿಂಜ್ ಕೇಳಿ ಪಡೆಯಿರಿ.

'ಕಮ್ ಬ್ಯಾಕ್ ಇನ್ ಟೂ ವೀಕ್ಸ್' ಎಂದರೆ ಎರಡು ವಾರ ಕಳೆದ ಮೇಲೆ ಬನ್ನಿ ಎಂದು. ಕನ್ನಡದ ಕಿವಿಗೆ 'ಎರಡು ವಾರದಲ್ಲಿ' ಎಂದು ಕೇಳಿ ನಾಲ್ಕನೇ ದಿನಕ್ಕೇ ಹೋಗಿ ನಿಲ್ಲುವುದುಂಟು. ಒಳಗಾಗಿ ಎನ್ನುವುದಕ್ಕೆ 'ವಿದಿನ್'.

ಹೌದು, ಇಲ್ಲ

ವ್ಯಾಕರಣದ ಪುಸ್ತಕಗಳು ಎರಡು ಸಾಲಿನಲ್ಲಿ ಮುಗಿಸುವ ಇದು ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. 'ಕಾಗದ ಬರಲಿಲ್ವಾ?' ಎಂದರೆ ನಾವು 'ಹೌದು, ಬರಲಿಲ್ಲ' ಎನ್ನುತ್ತೇವೆ, ಕೇಳಿದವರ ಮಾತಿಗೆ ತಲೆಯಾಡಿಸುತ್ತೇವೆ. ಇಂಗ್ಲಿಷಿನಲ್ಲಿ ಎಸ್ ಅಥವಾ ನೋ ಪ್ರಶ್ನೆಯನ್ನು ನೋಡುವುದಿಲ್ಲ, ಸಂಗತಿಯನ್ನು ನೋಡುತ್ತದೆ. ಬಂದಿದ್ದರೆ ಎಸ್, ಬಂದಿಲ್ಲದಿದ್ದರೆ ನೋ, ಪ್ರಶ್ನೆ ಹೇಗೇ ಇರಲಿ. 'ಯು ಡೋಂಟ್ ಹ್ಯಾವ್ ಎನಿ ಅಲರ್ಜೀಸ್?' ಎಂದು ನರ್ಸ್ ಕೇಳಿದಾಗ ಬರೀ 'ಎಸ್' ಎಂದರೆ ಅಲರ್ಜಿ ಇದೆ ಎಂದು ಬರೆದುಕೊಳ್ಳಬಹುದು. 'ನೋ, ಐ ಡೋಂಟ್' ಎಂದು ಪೂರ್ತಿ ಹೇಳಿಬಿಡಿ. 'ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?' ಎಂದವರಿಗೆ 'ಎಸ್' ಎಂದರೆ 'ಕೂರಬೇಡಿ' ಎಂದಂತೆ.

ಇದರ ಪಕ್ಕದಲ್ಲೇ ಬರುವುದು ನಮ್ಮ 'ಏ'ಕಾರ. 'ನಾಳೆನೇ ಬರ್ತೀನಿ' ಎಂಬುದನ್ನು 'ಐ ಕ್ಯಾನ್ ಕಮ್ ಟುಮಾರೋ ಓನ್ಲಿ' ಎಂದರೆ ನಾಳೆ ಬಿಟ್ಟು ಬೇರೆ ದಿನ ಆಗುವುದೇ ಇಲ್ಲ ಎಂದಾಗುತ್ತದೆ. ಒತ್ತು ಕೊಡಬೇಕಾದರೆ ದನಿಯಲ್ಲಿ ಕೊಡಿ, ಓನ್ಲಿ ಬೇಡ. 'ಅಂತೆ'ಗೆ 'ಇಟ್ ಸೀಮ್ಸ್' ಹಾಕಿದರೆ ಅದು ನಿಮ್ಮದೇ ಊಹೆಯಾಗುತ್ತದೆ. 'ಐ ವಾಸ್ ಟೋಲ್ಡ್' ಸರಿ. ಇನ್ನು ಅತ್ತೆಯವರ ಕಾಯಿಲೆಯ ಬಗ್ಗೆ ಮಾತಾಡುವಾಗ 'ಅವರು' ಎಂಬ ಗೌರವ ತಲೆಯಲ್ಲಿದ್ದು ಬಾಯಲ್ಲಿ 'ದೇ' ಬರುತ್ತದೆ, ಕೇಳುವವರು ರೋಗಿಗಳೆಷ್ಟು ಜನ ಎಂದು ಹುಡುಕುತ್ತಾರೆ. ಹೆಂಗಸಾದರೆ ಶಿ, ಗಂಡಸಾದರೆ ಹಿ; ಗೌರವಕ್ಕೆ ಅದರಿಂದ ಕುಂದಿಲ್ಲ.

'ಕೊಡಿ' ಎಂಬುದರ ಕೊನೆಯ ಇಕಾರದಲ್ಲೇ ಮರ್ಯಾದೆ ಇದೆ. 'ಗಿವ್ ಮಿ'ಯಲ್ಲಿ ಅದಿಲ್ಲ, ಆಜ್ಞೆಯಂತೆ ಕೇಳಿಸುತ್ತದೆ. 'ಕುಡ್ ಐ ಹ್ಯಾವ್' ಎಂದು ಶುರುಮಾಡಿ, ಕೊನೆಗೊಂದು ಪ್ಲೀಸ್ ಸೇರಿಸಿ. ಕೈಗಡದ ವಿಷಯದಲ್ಲಿ, ತೆಗೆದುಕೊಳ್ಳುವವರದು ಬಾರೋ, ಕೊಡುವವರದು ಲೆಂಡ್.

ದಿನ, ಗಂಟೆ, ಮಹಡಿ

3/4 ಎಂದು ಬರೆದರೆ ಅಮೆರಿಕದವರಿಗೆ ಮಾರ್ಚ್ 4, ಬ್ರಿಟಿಷರಿಗೆ ಏಪ್ರಿಲ್ 3. ಫಾರ್ಮಿನಲ್ಲಿ ಚೌಕ ಕೊಟ್ಟಿಲ್ಲದಿದ್ದರೆ ತಿಂಗಳ ಹೆಸರನ್ನೇ ಬರೆಯಿರಿ. 'ನೆಕ್ಸ್ಟ್ ಫ್ರೈಡೇ' ಬರುವ ಶುಕ್ರವಾರವೋ ಅದರಾಚೆಯದೋ ಎಂದು ಇಂಗ್ಲಿಷಿನವರೇ ಜಗಳವಾಡುತ್ತಾರೆ, ತಾರೀಖು ಕೇಳಿ. ಬ್ರಿಟನ್ನಿನ 'ಹಾಫ್ ಸಿಕ್ಸ್' ಆರೂವರೆ. ಅಮೆರಿಕದಲ್ಲಿ 'ಕ್ವಾರ್ಟರ್ ಆಫ್ ಫೈವ್' ಎಂದರೆ ಮುಕ್ಕಾಲಾಗುವ ಹೊತ್ತು, 4:45. ಅಮೆರಿಕದ ಫಸ್ಟ್ ಫ್ಲೋರ್ ನೆಲಮಟ್ಟದ್ದು, ಬ್ರಿಟನ್ನಿನದು ಅದರ ಮೇಲಿನ ಮಹಡಿ.

'ಬೈ ಫ್ರೈಡೇ' ಎಂದರೆ ಶುಕ್ರವಾರದೊಳಗೆ ಕೊಡಬೇಕು. 'ಟಿಲ್ ಫ್ರೈಡೇ' ಎಂದರೆ ಶುಕ್ರವಾರದವರೆಗೂ ನಡೆಯುತ್ತಲೇ ಇರುತ್ತದೆ. ಎಷ್ಟು ಕಾಲದಿಂದ ಎನ್ನುವುದಕ್ಕೆ ಫಾರ್, ಯಾವಾಗಿನಿಂದ ಎನ್ನುವುದಕ್ಕೆ ಸಿನ್ಸ್: 'ಫಾರ್ ತ್ರೀ ಇಯರ್ಸ್', 'ಸಿನ್ಸ್ ಜೂನ್'.

ಫೋನಿನಲ್ಲಿ

ನಿಮ್ಮ ಹೆಸರಿನ ಮೊದಲ 'ಪ'ವನ್ನು ಅವರು 'ಬಿ' ಎಂದು ಬರೆದುಕೊಂಡರೆ ಕಿವಿ ಮಂದ ಎಂದುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಪ, ಟ, ಕ ಮೂರೂ ಉಸಿರು ಸೇರಿಯೇ ಬರುತ್ತವೆ. ಆ ಉಸಿರಿಲ್ಲದೆ 'ಪಿನ್' ಎಂದರೆ 'ಬಿನ್' ಎಂದು ಕೇಳಿಸುತ್ತದೆ. ನಮ್ಮ ಹತ್ತಿರ ಮಹಾಪ್ರಾಣ ಇದ್ದೇ ಇದೆ, ಆಡುಮಾತಿನಲ್ಲಿ ಬಿಟ್ಟುಬಿಟ್ಟಿದ್ದೇವೆ ಅಷ್ಟೆ. 'ಕೀ' ಎನ್ನುವಾಗ 'ಖೀ' ಎಂದುಕೊಳ್ಳಿ. ಬಾಯಿಯ ಮುಂದೆ ತೆಳುವಾದ ಕಾಗದದ ಪಟ್ಟಿ ಹಿಡಿದು 'ಪಿನ್' ಎನ್ನಿ, ಅಲ್ಲಾಡಬೇಕು. 'ಸ್ಪಿನ್' ಎಂದಾಗ ಅಲ್ಲಾಡಬಾರದು, 'ಸ' ಮುಂದಿದ್ದರೆ ಉಸಿರಿಲ್ಲ.

ನಮ್ಮ ಒಂದೇ 'ವ'ಕ್ಕೆ ಅಲ್ಲಿ ಎರಡು: ವಿ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಡಬ್ಲ್ಯೂಗೆ ತುಟಿ ಗುಂಡಗಾಗಬೇಕು, ಹಲ್ಲು ತಾಗಬಾರದು. ಪದದ ಮೊದಲ ಇ-ಎಗಳಿಗೆ ಯಕಾರ ಅಂಟಿಸುವುದು ಕನ್ನಡದ ನಾಲಿಗೆಯ ಅಭ್ಯಾಸ. ಹಾಗೆ ಮಾಡಿದರೆ ಕಿವಿಯೂ ವರ್ಷವೂ ಒಂದೇ ಆಗುತ್ತವೆ. 13 ಮತ್ತು 30, 15 ಮತ್ತು 50 ಬಂದಾಗ 'ಒನ್ ಫೈವ್' ಎಂದು ಅಂಕಿ ಬಿಡಿಸಿ ಹೇಳಿ. ಹೆಸರು ಬರೆಸುವಾಗ ವಿಮಾನಯಾನದವರ ಅಕ್ಷರಮಾಲೆ ಉಪಯೋಗಕ್ಕೆ ಬರುತ್ತದೆ: ಪಿಗೆ ಪಾಪಾ, ಬಿಗೆ ಬ್ರಾವೊ, ವಿಗೆ ವಿಕ್ಟರ್, ಡಿಗೆ ಡೆಲ್ಟಾ, ಟಿಗೆ ಟ್ಯಾಂಗೊ, ಎಂಗೆ ಮೈಕ್, ಎನ್‌ಗೆ ನವೆಂಬರ್. 26 ಅಕ್ಷರವನ್ನೂ ಬಾಯಿಪಾಠ ಮಾಡಬೇಕಿಲ್ಲ, ಮನೆಯವರ ಹೆಸರಿನಲ್ಲಿರುವಷ್ಟನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಹತ್ತಿರ ಇಟ್ಟರೆ ಸಾಕು.

ಬರವಣಿಗೆಯಲ್ಲಿ

ಇಮೇಲಿನಲ್ಲಿ 'ರಿವರ್ಟ್' ಬೇಡ, ಹಳೆಯ ಸ್ಥಿತಿಗೆ ಮರಳುವುದು ಎಂದು ಅದರರ್ಥ, 'ರಿಪ್ಲೈ' ಬರೆಯಿರಿ. 'ಪ್ರಿಪೋನ್' ಭಾರತದ ಹೊರಗೆ ಹೆಚ್ಚಿನವರಿಗೆ ತಿಳಿಯದು, 'ಮೂವ್ ಟು ಆನ್ ಅರ್ಲಿಯರ್ ಡೇಟ್' ಎಂದರೆ ಸಾಕು. 'ಐ ಹ್ಯಾವ್ ಎ ಡೌಟ್' ಎಂದರೆ ನಂಬಿಕೆಯಿಲ್ಲ ಎಂದಾಗುತ್ತದೆ, ಶಿಕ್ಷಕರನ್ನು ಕೇಳಬೇಕಾದಾಗ 'ಕ್ವೆಶ್ಚನ್' ಇರಲಿ.

ಕಾಗುಣಿತದಲ್ಲಿ ನಾಲ್ಕನ್ನು ನೋಡಿಕೊಳ್ಳಿ. ಕಳೆದುಕೊಳ್ಳುವುದಕ್ಕೆ ಒಂದು 'ಓ', ಸಡಿಲಕ್ಕೆ ಎರಡು. ಸಲಹೆ ಹೆಸರಾದರೆ 'ಸಿ', ಸಲಹೆ ಕೊಡುವ ಕ್ರಿಯೆಯಾದರೆ 'ಎಸ್'. ಶಾಲೆಯ ಮುಖ್ಯಸ್ಥರೂ ಸಾಲದ ಅಸಲೂ 'ಎ-ಎಲ್'ನಿಂದ ಮುಗಿಯುತ್ತವೆ, ತತ್ವ 'ಎಲ್-ಇ'ಯಿಂದ. ಬರವಣಿಗೆ ಸಾಮಗ್ರಿಯ ಸ್ಟೇಷನರಿಗೆ ಲಕೋಟೆಯ 'ಇ', ನಿಂತಲ್ಲೇ ನಿಂತಿರುವುದಕ್ಕೆ 'ಎ'. ಇವೆಲ್ಲ ಜೋಡಿಯಲ್ಲಿ ಎರಡೂ ಸರಿಯಾದ ಪದಗಳೇ ಆದ್ದರಿಂದ ಕಂಪ್ಯೂಟರಿನ ಕೆಂಪು ಗೆರೆ ಎಷ್ಟೋ ಸಲ ಬೀಳುವುದೇ ಇಲ್ಲ. ಕಳುಹಿಸುವ ಮೊದಲು ಆ ಪದಗಳನ್ನಷ್ಟೇ ಒಂದೊಂದಾಗಿ ಹುಡುಕಿ ನೋಡಿ.